ಗ್ಯಾರೇಜ್ ಕಟ್ಟೆ: 60ಕ್ಕೆ ಹೋದಾಗ ಬರುವ ಗುಂಯ್ ಸದ್ದು

ಪ್ರಶ್ನೆ: ಮಿಸ್ತ್ರಿ ಕಾಕಾ, ನಮಸ್ಕಾರ. ನನ್ನದು 1999ರ ಮಾರುತಿ ಜಿಪ್ಸಿ ಕಿಂಗ್. ನಾಲ್ಕು ವರ್ಷದ ಹಿಂದೆ ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಕಬ್ಬಿನ ಹೊಲಕ್ಕೆ, ಸಂತೆಗೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಎಲ್ಲಕ್ಕೂ ಇದೇ ಗಾಡಿ. ಎರಡು ತಿಂಗಳಿಂದ ಒಂದು ಸದ್ದು ಜೀವ ತಿನ್ನುತ್ತಿದೆ. 50 ದಾಟಿದ ಕೂಡಲೇ ಗುಂಯ್ ಎಂದು ಶುರುವಾಗುತ್ತದೆ. 60ರಲ್ಲಿ ಗಾಡಿ ತುಂಬ ಅದೇ ಸದ್ದು. 70 ದಾಟಿದರೆ ತಾನಾಗಿಯೇ ಇಳಿಯುತ್ತದೆ. ಹಿಂದಿನ ಸೀಟಿನ ಕೆಳಗಿಂದ ಬಂದ ಹಾಗೆ ಕೇಳುತ್ತದೆ. ನಿಂತ ಗಾಡಿ ಎಬ್ಬಿಸುವಾಗ ಕೆಳಗೆಲ್ಲೋ ಒಂದು ಸಲ ‘ಧಡ್’ ಅನ್ನುತ್ತದೆ. ಮೊದಲು ಹಿಂದಿನ ಎರಡೂ ವೀಲ್ ಬೇರಿಂಗ್ ಬದಲಿಸಿದೆ. ಹೋಗಲಿಲ್ಲ. ಟೈರ್ ಸದ್ದು ಅಂದರು, ನಾಲ್ಕೂ ಹೊಸ ಟೈರ್ ಹಾಕಿಸಿದೆ. ಹೋಗಲಿಲ್ಲ. ಡಿಫರೆನ್ಷಿಯಲ್ (ಎರಡು ಚಕ್ರದ ನಡುವಿನ ಗೇರ್ ಡಬ್ಬಿ) ಆಯಿಲ್ ಬದಲಿಸಿದೆ. ಅದೇ ಸದ್ದು. ಈಗ ಅದರೊಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್ ಹೋಗಿದೆ, 18 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ, ಗಾಡಿ ಮಾರಿಬಿಡಲಾ?
— ಜಮಖಂಡಿಯ ಓದುಗರು

ಉತ್ತರ: ತಮ್ಮಾ, ಎರಡೂ ಬೇಡ. ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ ಇಷ್ಟನ್ನೇ ಹೇಳಿದ್ದೆ. ಆಮೇಲೆ ಎರಡು ವಾರ ನಾವಿಬ್ಬರೂ ಸೇರಿ ಏನೇನು ಮಾಡಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇಂಥ ಪತ್ರಗಳು ನನಗೆ ತುಂಬ ಬರುತ್ತವೆ. ಎಲ್ಲರದೂ ಒಂದೇ ಕಥೆ. ಸದ್ದು ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಸಾಮಾನು ಬದಲಾಗಿರುತ್ತದೆ, ದುಡ್ಡು ಹೋಗಿರುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆ ಸುಳಿವು ಇತ್ತು. 70 ದಾಟಿದರೆ ಸದ್ದು ಇಳಿಯುತ್ತದೆ ಎಂದು ಬರೆದಿದ್ದೀರಿ. ಸವೆದ ಬೇರಿಂಗ್ ಹಾಗೆ ಮಾಡುವುದು ಕಡಿಮೆ. ವೇಗ ಏರಿದಷ್ಟೂ ಅದರ ಗುರುಗುರು ಏರುತ್ತಲೇ ಹೋಗುತ್ತದೆ. ಒಂದೇ ವೇಗದಲ್ಲಿ ಎದ್ದು, ಆಚೆ ಈಚೆ ಇಳಿಯುವ ಸದ್ದು ಬೇರೆ ಜಾತಿಯದು. ಎಲ್ಲೋ ಒಂದು ಕಂಪನ ಹುಟ್ಟುತ್ತಿದೆ, ಆ ವೇಗದಲ್ಲಿ ಅದಕ್ಕೆ ಗಾಡಿಯ ತಗಡು ದನಿಗೂಡಿಸುತ್ತಿದೆ.

‘ಹಿಂದಿನ ಸೀಟಿನ ಕೆಳಗೆ’ ಅಂದಿದ್ದನ್ನು ಮಾತ್ರ ನಾನು ಅಷ್ಟಾಗಿ ನಂಬಲಿಲ್ಲ. ನಿಮ್ಮ ಕಿವಿಯ ತಪ್ಪಲ್ಲ. ಮಿರಜಿನ ತಂಬೂರಿ ನೋಡಿದ್ದೀರಲ್ಲ? ಬೆರಳು ಆಡುವುದು ತಂತಿಯ ಮೇಲೆ, ದನಿ ತುಂಬಿಕೊಳ್ಳುವುದು ಬುರುಡೆಯಲ್ಲಿ. ಜಿಪ್ಸಿಯ ಹಿಂಭಾಗ ಆ ಬುರುಡೆ ಇದ್ದ ಹಾಗೆ. ಖಾಲಿ ತಗಡಿನ ಡಬ್ಬಿ, ಮೇಲೆ ಬಟ್ಟೆಯ ಹೊದಿಕೆ. ಮುಂದೆ ಹುಟ್ಟಿದ ಸದ್ದು ಚಾಸಿಯ ಉದ್ದಕ್ಕೂ ಹರಿದು ಅಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ಇದನ್ನು ನಂಬಿಯೇ ಎಷ್ಟೋ ಜನ ಹಿಂದಿನ ಹೌಸಿಂಗ್, ಅಂದರೆ ಡಿಫರೆನ್ಷಿಯಲ್ ಕೂತ ಕವಚ, ಬಿಚ್ಚಿಸುತ್ತಾರೆ.

ಜಿಪ್ಸಿಯ ಕೆಳಗೆ ಏನಿದೆ ಅನ್ನುವುದನ್ನು ಮೊದಲು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಮುಂದೆ ಎಂಜಿನ್, ಅದಕ್ಕೆ ಅಂಟಿಕೊಂಡು ಗೇರ್‌ಬಾಕ್ಸ್. ಟ್ರಾನ್ಸ್‌ಫರ್ ಕೇಸ್, ನಮ್ಮ ಹುಡುಗರು ಚಿಕ್ಕ ಗೇರ್‌ಬಾಕ್ಸ್ ಅನ್ನುತ್ತಾರಲ್ಲ, ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವುದು, ಅದು ಮಾತ್ರ ಬೇರೆಯಾಗಿ ಕೂತಿದೆ. ಗಾಡಿಯ ಹೊಟ್ಟೆಯ ಕೆಳಗೆ ಮೂರು ಕಡೆ ರಬ್ಬರ್ ಮೌಂಟ್ ಇಟ್ಟು ಅದನ್ನು ಚಾಸಿಗೆ ಕಟ್ಟಿದ್ದಾರೆ. ಗೇರ್‌ಬಾಕ್ಸಿನಿಂದ ಅದಕ್ಕೆ ಒಂದು ಗಿಡ್ಡ ಶಾಫ್ಟ್. ಅದರಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಒಂದು ಉದ್ದ ಶಾಫ್ಟ್, ಮುಂದಿನದಕ್ಕೆ ಇನ್ನೊಂದು. ಹೀಗೆ ಮೂರು ಶಾಫ್ಟ್. ಒಂದೊಂದರ ಎರಡೂ ತುದಿಗೆ ಓರೆಯಾಗಿ ತಿರುಗಲು ಬಿಡುವ ಒಂದೊಂದು ಕೀಲು, ಅದನ್ನೇ ಕ್ರಾಸ್ ಅನ್ನುವುದು, ಒಟ್ಟು ಆರು. ಬೇರೆ ಕಾರಿನಲ್ಲಿ ಇಷ್ಟು ತಿರುಗುವ ಸಾಮಾನು ಇರುವುದಿಲ್ಲ. ಹಾಗಾಗಿ ಸದ್ದು ಹುಟ್ಟುವ ಜಾಗವೂ ಜಾಸ್ತಿ, ಅದನ್ನು ಪತ್ತೆ ಮಾಡುವ ದಾರಿಗಳೂ ಜಾಸ್ತಿ.

ಇನ್ನು ಒಂದು ಚಿಕ್ಕ ಲೆಕ್ಕ. ನಿಮ್ಮ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1,000 ಮೀಟರ್. ಆಗ ಚಕ್ರ ಸೆಕೆಂಡಿಗೆ 8 ಸುತ್ತು ಹಾಕುತ್ತದೆ. ಹಿಂದಿನ ಉದ್ದ ಶಾಫ್ಟ್ (ಪ್ರೊಪೆಲ್ಲರ್ ಶಾಫ್ಟ್) ಚಕ್ರಕ್ಕಿಂತ ಹತ್ತಿರ ಹತ್ತಿರ 4 ಪಟ್ಟು ಜೋರಾಗಿ ತಿರುಗುತ್ತದೆ, ಸೆಕೆಂಡಿಗೆ ಸುಮಾರು 30 ಸುತ್ತು. ಆ ಶಾಫ್ಟಿನ ಜೊತೆಗೇ ತಿರುಗುವ ಪಿನಿಯನ್‌ಗೆ ಹತ್ತರ ಆಸುಪಾಸು ಹಲ್ಲು ಇರುತ್ತವೆ, ಅಂದರೆ ಸೆಕೆಂಡಿಗೆ 300 ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ಈಗ ಕಿವಿಗೆ ಬನ್ನಿ. ಚಕ್ರದ ದೋಷವಿದ್ದರೆ ಸದ್ದಿನಲ್ಲಿ ಏರಿಳಿತ ಇರುತ್ತದೆ, ‘ಗುರ್ ಗುರ್ ಗುರ್’ ಎಂದು ಬಿಡಿಬಿಡಿಯಾಗಿ ಹಿಡಿಯಬಹುದು. ಶಾಫ್ಟ್ ದೋಷವಿದ್ದರೆ ಬಿಡಿಸಲು ಬರುವುದಿಲ್ಲ, ‘ಗುಂಂಂ’ ಎಂದು ಎದೆಗೆ ತಾಗುವ ದಪ್ಪ ದನಿ. ಕ್ರೌನ್ ಪಿನಿಯನ್ ಕೂಗಿದರೆ ‘ಊಂಯ್’ ಎಂದು ತೆಳ್ಳಗೆ, ಶಹನಾಯಿ ಥರ. ಫೋನಿನಲ್ಲಿ ನಿಮಗೆ ಈ ಮೂರೂ ದನಿ ಮಾಡಿ ತೋರಿಸಿದೆ. ನೀವು ಎರಡನೆಯದು ಅಂದಿರಿ. ಕ್ರೌನ್ ಪಿನಿಯನ್ ಮೇಲಿನ ಅನುಮಾನ ಅಲ್ಲಿಗೇ ಅರ್ಧ ಕರಗಿತು.

ಮರುದಿನ ಬೆಳಿಗ್ಗೆ 6 ಗಂಟೆಗೆ ಮುಧೋಳ ರಸ್ತೆಯಲ್ಲಿ ನೀವು ಗಾಡಿ ಓಡಿಸಿದಿರಿ. ಪಕ್ಕದಲ್ಲಿ ಮನೆಯವರು ಚೀಟಿ ಹಿಡಿದು ಕೂತು ಬರೆದುಕೊಂಡರು. ಆ ಚೀಟಿಯ ಫೋಟೋ ನನ್ನ ಹತ್ತಿರ ಇದೆ. ಎಷ್ಟು ಚೆಂದ ಬರೆದಿದ್ದಾರೆ! 4ನೇ ಗೇರಿನಲ್ಲಿ 60: ಸದ್ದು ಇದೆ. 5ನೇ ಗೇರಿನಲ್ಲಿ 60: ಅಷ್ಟೇ ಇದೆ. ಎಂಜಿನ್ ವೇಗ ಬದಲಾದರೂ ಸದ್ದು ಬದಲಾಗಲಿಲ್ಲ, ಹಾಗಾಗಿ ಎಂಜಿನ್ ಬಿಟ್ಟುಬಿಡಿ. 65ರಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ತೇಲಲು ಬಿಟ್ಟಾಗ: ಇದೆ, ಸ್ವಲ್ಪ ಕಡಿಮೆ. (ಈ ಪರೀಕ್ಷೆ ಮಾಡುವವರು ಎಂಜಿನ್ ಮಾತ್ರ ಆರಿಸಬೇಡಿ. ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಲಾಕ್ ಬೀಳಬಹುದು.) ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಿದಾಗ: ವ್ಯತ್ಯಾಸ ಇಲ್ಲ. ವೀಲ್ ಬೇರಿಂಗ್ ಹೋಗಿದ್ದರೆ ಭಾರ ಆ ಕಡೆಗೆ ವಾಲಿದಾಗ ಸದ್ದು ಏರಬೇಕಿತ್ತು. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ, ಬಿಡಿಸುವ ಫ್ರೀ ವೀಲ್ ಹಬ್ ಲಾಕ್ ಮಾಡಿ, ಮತ್ತೆ ಫ್ರೀ ಮಾಡಿ ಓಡಿಸಿದಾಗ: ಎರಡೂ ಒಂದೇ. ಹಬ್ ಫ್ರೀ ಇದ್ದು ಗಾಡಿ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಕೊಡುವ 2ಎಚ್‌ನಲ್ಲಿದ್ದರೆ ಮುಂದಿನ ಶಾಫ್ಟ್, ಮುಂದಿನ ಡಿಫರೆನ್ಷಿಯಲ್ ತಿರುಗುವುದೇ ಇಲ್ಲ. ಆಗಲೂ ಸದ್ದು ಇದೆ ಅಂದಮೇಲೆ ಮುಂದಿನ ಅರ್ಧ ಗಾಡಿಯೇ ಲೆಕ್ಕದಿಂದ ಹೊರಗೆ ಹೋಯಿತು.

ಒಂದು ಪಾನಾ ಮುಟ್ಟದೆ ಇಷ್ಟು ಗೊತ್ತಾಯಿತು. ಉಳಿದದ್ದು ನಾಲ್ಕು: ಗೇರ್‌ಬಾಕ್ಸಿನ ಬಾಲ, ಗಿಡ್ಡ ಶಾಫ್ಟ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಶಾಫ್ಟ್ ಮತ್ತು ಹೌಸಿಂಗ್.

ಈಗ ನನಗೆ ಬಹಳ ಇಷ್ಟವಾದ ಪರೀಕ್ಷೆ. ಜಿಪ್ಸಿಯ ಟ್ರಾನ್ಸ್‌ಫರ್ ಲಿವರ್‌ಗೆ ಒಂದು ನ್ಯೂಟ್ರಲ್ ಇದೆ. ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಆ ಲಿವರ್ ನ್ಯೂಟ್ರಲ್‌ಗೆ ಹಾಕಿ. ಗೇರ್ 4ರಲ್ಲಿ ಹಾಕಿ ಕ್ಲಚ್ ಬಿಡಿ. ಗಾಡಿ ನಿಂತಲ್ಲೇ ನಿಂತಿರುತ್ತದೆ. ಗೇರ್‌ಬಾಕ್ಸ್, ಗಿಡ್ಡ ಶಾಫ್ಟ್, ಟ್ರಾನ್ಸ್‌ಫರ್ ಕೇಸಿನ ಮುಂಭಾಗ ಇಷ್ಟೇ ತಿರುಗುತ್ತವೆ. ಹಿಂದಿನ ಶಾಫ್ಟಿಗೆ, ಡಿಫರೆನ್ಷಿಯಲ್‌ಗೆ ಪೂರ್ತಿ ವಿಶ್ರಾಂತಿ. 60ರಲ್ಲಿ ಎಂಜಿನ್ ಎಷ್ಟು ಕೂಗುತ್ತದೋ ಅಷ್ಟಕ್ಕೆ ಮೆಲ್ಲಗೆ ಏರಿಸಿ ಕೇಳಿ. ನೀವು ಫೋನನ್ನು ಸೀಟಿನ ಮೇಲೆ ಇಟ್ಟು ಇದನ್ನು ಮಾಡಿದಿರಿ. ನನಗೆ ಬೆಳಗಾವಿಯಲ್ಲಿ ಕೇಳಿಸಿತು. ಅದೇ ‘ಗುಂಂಂ’. ಸ್ವಲ್ಪ ತೆಳುವಾಗಿ, ಆದರೆ ಅದೇ.

ನಿಂತ ಗಾಡಿಯಲ್ಲಿ, ಹಿಂದಿನ ಹೌಸಿಂಗ್ ತಿರುಗದೆ ಇದ್ದಾಗ ಅದೇ ಸದ್ದು ಬಂತು. ಹಾಗಾದರೆ 18 ಸಾವಿರದ ಕ್ರೌನ್ ಪಿನಿಯನ್ ಯಾಕೆ ಬೇಕು?

(ಬೇರೆ ಓದುಗರಿಗೆ ಒಂದು ಮಾತು. ನಿಂತಲ್ಲಿ ನಿಮಗೆ ಸದ್ದು ಬರದಿದ್ದರೆ ದೋಷ ಟ್ರಾನ್ಸ್‌ಫರ್ ಕೇಸಿನ ಆಚೆ, ಹಿಂದಿನ ಕಡೆ ಇದೆ. ಆಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು, ಹಬ್ ಲಾಕ್ ಮಾಡಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ 4ಎಚ್ ಹಾಕಿ ಮುಂದಿನ ಚಕ್ರದ ಮೇಲೆ ಗಾಡಿ ಓಡಿಸಿ ನೋಡಬಹುದು. ಫೋರ್ ವೀಲ್ ಡ್ರೈವ್ ಗಾಡಿಗೆ ಮಾತ್ರ ಇರುವ ಅನುಕೂಲ ಇದು. ಸದ್ದು ಹೋಯಿತೋ, ಹಿಂದಿನ ಶಾಫ್ಟ್ ಇಲ್ಲವೇ ಪಿನಿಯನ್. ಆದರೆ ಜೋಪಾನ. ಶಾಫ್ಟ್ ಬಿಚ್ಚಿದ ಗಾಡಿಯನ್ನು 2ಎಚ್‌ನಲ್ಲಿ ಗೇರ್ ಹಾಕಿ ನಿಲ್ಲಿಸಿದರೂ ಉರುಳುತ್ತದೆ. ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದೇ ಶಾಫ್ಟ್ ಮೇಲೆ, ಶಾಫ್ಟ್ ಇಲ್ಲದಿದ್ದರೆ ಅದೂ ಇಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಗಾಡಿ ಬಿಟ್ಟು ಇಳಿಯಬೇಡಿ.)

ಅವತ್ತು ರಾತ್ರಿ ನಿಮಗೆ ಒಂದೇ ಪ್ರಶ್ನೆ ಕೇಳಿದೆ. ಸದ್ದು ಶುರುವಾಗುವ ಮುಂಚೆ ಗಾಡಿಯ ಕೆಳಗೆ ಕೊನೆಗೆ ಯಾರ ಕೈ ಬಿದ್ದಿತ್ತು? ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಯಾಕೆ ಕೇಳುತ್ತೇನೆ ಅನ್ನುವುದಕ್ಕೆ ಒಂದು ಕಾರಣ ಇದೆ.

1997ರ ಮಳೆಗಾಲ. ಜಾಂಬೋಟಿ ಕಡೆಯ ಒಬ್ಬರ ಡೀಸೆಲ್ ಜೀಪು ನಮ್ಮ ಗ್ಯಾರೇಜಿಗೆ ಬಂತು. ಹಿಂದಿನ ಶಾಫ್ಟಿನ ಕ್ರಾಸ್ ಒಣಗಿತ್ತು, ಅದರ ತುದಿಯ ಕಪ್‌ಗಳ ಸುತ್ತ ತುಕ್ಕಿನ ಕೆಂಪು ಪುಡಿ. ಮೆಲ್ಲಗೆ ಹೋಗುವಾಗ ಗುಬ್ಬಿ ಕೂಗಿದ ಹಾಗೆ ‘ಚಿಂವ್ ಚಿಂವ್’. ನಾನು ಶಾಫ್ಟ್ ಇಳಿಸಿದೆ, ನಡುವಿನ ಸ್ಪ್ಲೈನ್, ಅಂದರೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ, ಎಳೆದು ಎರಡು ತುಂಡು ಮಾಡಿದೆ, ಕ್ರಾಸ್ ಹಾಕಿದೆ, ಗ್ರೀಸ್ ತುಂಬಿ ಮತ್ತೆ ಜೋಡಿಸಿದೆ. ಗುಬ್ಬಿ ಸುಮ್ಮನಾಯಿತು. ಎರಡು ದಿನಕ್ಕೆ ಅವರು ವಾಪಸ್ ಬಂದರು. ‘40ರ ಮೇಲೆ ಗುಂಯ್ ಅಂತೈತ್ರಿ, ಸ್ಟೀರಿಂಗ್ ತನಕ ನಡಗತೈತಿ’ ಅಂದರು. ನನ್ನ ಕೈಯಿಂದ ಆಗಿದ್ದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹೌಸಿಂಗ್ ಬಿಚ್ಚಿದೆ, ಪಿನಿಯನ್ ಬೇರಿಂಗ್ ಎರಡೂ ಬದಲಿಸಿದೆ, ಶಿಮ್ ಕೂರಿಸಿದೆ. ಮೂರು ದಿನದ ಕೆಲಸ. ಸದ್ದು ಹಾಗೇ ಇತ್ತು.

ಕೊನೆಗೆ ನಮ್ಮ ಉಸ್ತಾದರನ್ನು ಕರೆದೆ. ಆಗಲೇ ಅವರಿಗೆ ಕಣ್ಣು ಮಂಜಾಗಿತ್ತು. ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ಮಲಗಿದರು. ಟಾರ್ಚ್ ಕೇಳಿದರು. ಚಿಂದಿ ಬಟ್ಟೆಯಿಂದ ಸ್ಪ್ಲೈನ್ ಮೇಲಿನ ಕೆಸರು ಒರೆಸಿದರು. ಅಲ್ಲಿ ಎರಡು ಬಾಣದ ಗುರುತು ಇದ್ದವು, ಒಂದು ಕೊಳವೆಯ ಮೇಲೆ, ಒಂದು ಯೋಕ್ (ಕ್ರಾಸ್ ಹಿಡಿಯುವ ಕವೆ) ಮೇಲೆ. ಎರಡೂ ಎದುರುಬದುರು ಇರಬೇಕು. ನಾನು ಜೋಡಿಸಿದ್ದರಲ್ಲಿ ಎರಡರ ನಡುವೆ ಹೆಬ್ಬೆರಳಿನಷ್ಟು ಅಂತರ. ಅವರು ಏನೂ ಬೈಯಲಿಲ್ಲ. ನನ್ನ ಬೆರಳು ಹಿಡಿದು ಆ ಎರಡು ಗುರುತಿನ ಮೇಲೆ ಇಟ್ಟರು, ಅಷ್ಟೇ.

ಕ್ರಾಸ್ ಓರೆಯಾಗಿ ತಿರುಗುವಾಗ ಒಂದೊಂದು ಸುತ್ತಿನಲ್ಲೂ ಎರಡು ಸಲ ಶಾಫ್ಟನ್ನು ಜೋರಾಗಿ ತಳ್ಳುತ್ತದೆ, ಎರಡು ಸಲ ಹಿಂದೆ ಹಿಡಿಯುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಾಲಿನಲ್ಲಿದ್ದರೆ ಈ ತುದಿಯ ಎಳೆದಾಟವನ್ನು ಆ ತುದಿ ಅಳಿಸಿಹಾಕುತ್ತದೆ. ಸಾಲು ತಪ್ಪಿದರೆ ಅಳಿಸುವುದಿಲ್ಲ. ಆ ಎಳೆದಾಟವೇ ನಡುಕ, ನಡುಕವೇ ಸದ್ದು. ಶಾಫ್ಟ್ ಎಳೆದು ಗುರುತಿಗೆ ಗುರುತು ಕೂಡಿಸಿ ಹಾಕಿದೆ. ಹತ್ತು ನಿಮಿಷದ ಕೆಲಸ. ಜೀಪು 70ರ ತನಕ ಮೌನವಾಗಿ ಹೋಯಿತು. ಬೇರಿಂಗಿನ ದುಡ್ಡು, ಕೂಲಿ ಎಲ್ಲ ಆ ಯಜಮಾನರಿಗೆ ವಾಪಸ್ ಕೊಟ್ಟೆ. ಅವತ್ತಿನಿಂದ ಶಾಫ್ಟ್ ಬಿಚ್ಚುವ ಮೊದಲು ಬಿಳಿ ಪೇಂಟಿನಲ್ಲಿ ನಾನೇ ಗೆರೆ ಹಾಕಿಕೊಳ್ಳುತ್ತೇನೆ. ಸ್ಪ್ಲೈನ್‌ಗೆ ಒಂದು, ಫ್ಲ್ಯಾಂಜ್‌ಗೆ ಒಂದು.

ಅವತ್ತು ರಾತ್ರಿ ನಾನು ಹೀಗೆ ಕೇಳಿದ್ದಕ್ಕೆ ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಿರಿ: ‘ಕ್ಲಚ್ ಪ್ಲೇಟ್ ಹಾಕಿಸಿದ್ದೆ ಕಾಕಾ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬರೆದಿರಲಿಲ್ಲ.’

ಸಂಬಂಧ ಇದೆ. ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಗೇರ್‌ಬಾಕ್ಸ್ ಇಳಿಯಬೇಕಾದರೆ ಗಿಡ್ಡ ಶಾಫ್ಟ್ ಬಿಚ್ಚಬೇಕು. ಆಗ ಟ್ರಾನ್ಸ್‌ಫರ್ ಕೇಸನ್ನು ಅಲ್ಲಾಡಿಸದೆ ಯಾರೂ ಕೆಲಸ ಮಾಡುವುದಿಲ್ಲ. ಇಪ್ಪತ್ತೈದು ವರ್ಷದ ರಬ್ಬರ್, ಎಳೆದರೆ ಹರಿಯದೆ ಏನು ಮಾಡುತ್ತದೆ?

ಹಾಗಾಗಿ ಕೆಳಗೆ ನೋಡಲು ಹೇಳಿದೆ. ಬರೀ ಜ್ಯಾಕ್ ಮೇಲೆ, ಇಟ್ಟಂಗಿ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ ಎಂದೂ ಹೇಳಿದೆ. ಜಿಪ್ಸಿ ಎತ್ತರದ ಗಾಡಿ, ಎಬ್ಬಿಸದೆಯೂ ಕೆಳಗೆ ಹೋಗಬಹುದು. ಎಂಜಿನ್ ಬಂದ್ ಇರಬೇಕು. ತಿರುಗುವ ಶಾಫ್ಟ್ ಹತ್ತಿರ ಟವೆಲ್, ಧೋತರ, ಸಡಿಲ ತೋಳಿನ ಅಂಗಿ ಯಾವುದೂ ಸುಳಿಯಬಾರದು. ಒಂದು ಕಬ್ಬಿಣದ ಸಲಾಕೆ ತಗೊಂಡು ಟ್ರಾನ್ಸ್‌ಫರ್ ಕೇಸಿನ ಮೂರೂ ತೋಳುಗಳನ್ನು ಒಂದೊಂದಾಗಿ ಮೀಟಿ ನೋಡಿ ಅಂದೆ. ಸ್ವಲ್ಪ ಬಾಗಿ ತಾನೇ ವಾಪಸ್ ಬಂದರೆ ರಬ್ಬರ್ ಜೀವಂತ ಇದೆ. ಎತ್ತಿದಾಗ ಬಾಯಿ ಬಿಟ್ಟರೆ ಸತ್ತಿದೆ. ಇನ್ನೊಂದು ಗುರುತು ಹೊಳಪು. ಗಾಡಿಯ ಹೊಟ್ಟೆ ಪೂರ್ತಿ ಎಣ್ಣೆ, ಎರೆ ಮಣ್ಣು ಹತ್ತಿ ಕರ್ರಗೆ ಇರುತ್ತದೆ. ಅದರ ನಡುವೆ ಎಲ್ಲಾದರೂ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಅಲ್ಲಿ ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿವೆ ಎಂದೇ ಅರ್ಥ.

ನೀವು ಕಳಿಸಿದ ಫೋಟೋದಲ್ಲಿ ಅದು ಇತ್ತು. ಎಡಗಡೆಯ ತೋಳು, ಬ್ರಾಕೆಟ್ಟಿನ ಅಂಚು, ಎರಡರಲ್ಲೂ ಉಗುರಿನಷ್ಟು ಅಗಲದ ಹೊಳೆಯುವ ಮಚ್ಚೆ. ಪಕ್ಕದಲ್ಲಿ ರಬ್ಬರ್ ಸೀಳಿ ಹೊರಗೆ ನೇತಾಡುತ್ತಿತ್ತು. ಅದರ ಮೇಲೆ ಗೇರ್ ಆಯಿಲ್ ಜಿನುಗಿದ ಕಪ್ಪು ಗೆರೆ. ಎಣ್ಣೆ ಕುಡಿದ ರಬ್ಬರ್ ಉಬ್ಬುತ್ತದೆ, ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಕ್ಲಚ್ ಕೆಲಸದಲ್ಲಿ ಕೈ ತಾಗಿದ್ದು ನೆಪ. ಸೀಲ್ ಸೋರಿದ್ದು ಮೂಲ.

ನಿಮಗೆ ಕೇಳಿಸುತ್ತಿದ್ದ ಸದ್ದು ಹೊಸದೇನಲ್ಲ ತಮ್ಮಾ. ಗಿಡ್ಡ ಶಾಫ್ಟಿನ ತಿರುಗಾಟ, ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಓಡಾಟ ಮೊದಲಿಂದಲೂ ಇದ್ದವು. ರಬ್ಬರ್ ಅದನ್ನು ಅಲ್ಲೇ ತಡೆದು ನುಂಗುತ್ತಿತ್ತು. ಈಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ನೇರವಾಗಿ ಚಾಸಿಗೆ ದಾರಿ ಸಿಕ್ಕಿದೆ. ಜೊತೆಗೆ ಟ್ರಾನ್ಸ್‌ಫರ್ ಕೇಸ್ ಒಂದು ಕಡೆ ಜೋತು, ಗಿಡ್ಡ ಶಾಫ್ಟ್ ಓರೆಯಾಗಿ ಕ್ರಾಸ್‌ಗಳ ಎಳೆದಾಟ ಹೆಚ್ಚಾಗಿದೆ. ಗಾಡಿ ಎಬ್ಬಿಸುವಾಗಿನ ‘ಧಡ್’ ಕೂಡ ಅಲ್ಲಿಯದೇ. ಕ್ಲಚ್ ಬಿಟ್ಟಾಗ ಟ್ರಾನ್ಸ್‌ಫರ್ ಕೇಸ್ ಒಂದು ಮಗ್ಗುಲಿಗೆ ಹೊರಳಿ ಬ್ರಾಕೆಟ್ಟಿಗೆ ಬಡಿಯುತ್ತಿತ್ತು.

ಮಾಡಬೇಕಾದ್ದು ಇಷ್ಟು. ಮೂರೂ ಮೌಂಟ್ ಹೊಸದು ಹಾಕಿ. ಹರಿದದ್ದು ಒಂದೇ ಆದರೂ ಉಳಿದೆರಡರ ವಯಸ್ಸೂ ಅಷ್ಟೇ ಅಲ್ವಾ? ಒಂದು ಗಟ್ಟಿ, ಎರಡು ಮೆತ್ತಗೆ ಇದ್ದರೆ ಮತ್ತೆ ವಾಲುತ್ತದೆ. ಲೇತ್‌ನಲ್ಲಿ ನೈಲಾನ್ ಬುಷ್ ಮಾಡಿಕೊಡುತ್ತೇವೆ, ಜನ್ಮಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಏನು ಬೇಕಾದರೂ ಕೆತ್ತಿ ಕೊಡುವ ಕೈಗಳಿವೆ, ಅವರ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಇಲ್ಲಿ ಬೇಕಾದ್ದು ಗಟ್ಟಿತನ ಅಲ್ಲ, ಮೆದುತನ. ನೈಲಾನ್ ಹಾಕಿದರೆ ಸದ್ದು ಅಲ್ಲೇ ಇರುತ್ತದೆ. ಮೂರೂ ಬೋಲ್ಟ್ ಮೊದಲು ಕೈಯಲ್ಲಿ ಹಾಕಿ, ಟ್ರಾನ್ಸ್‌ಫರ್ ಕೇಸ್ ನೆಟ್ಟಗೆ ಕೂತ ಮೇಲೆ ಬಿಗಿ ಮಾಡಿಸಿ. ಒಂದನ್ನು ಬಿಗಿದು ಇನ್ನೊಂದಕ್ಕೆ ಎಳೆದು ಕೂರಿಸಿದರೆ ಹೊಸ ರಬ್ಬರ್ ಮೊದಲ ದಿನವೇ ತಿರುಚಿಕೊಳ್ಳುತ್ತದೆ. ಸೋರುವ ಸೀಲ್ ಬದಲಿಸಿ, ಆಯಿಲ್ ಮಟ್ಟ ನೋಡಿಸಿ. ಸೋರಿದ ಕೇಸಿನಲ್ಲಿ ಎಣ್ಣೆ ಕಡಿಮೆ ಇದ್ದೇ ಇರುತ್ತದೆ. ಡ್ರೇನ್ ಬೋಲ್ಟ್ ತೆಗೆದಾಗ ಅದರ ತುದಿಗೆ ಹತ್ತಿದ ಮಸಿಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ಬೆಣ್ಣೆಯಂತೆ ನುಣ್ಣಗಿದ್ದರೆ ಮಾಮೂಲಿ ಸವೆತ. ರವೆಯಂತೆ ಚುಚ್ಚಿದರೆ ಒಳಗೆ ಏನೋ ಮುರಿಯುತ್ತಿದೆ, ಆಗ ಬಿಚ್ಚಲೇಬೇಕು. ಗಿಡ್ಡ ಶಾಫ್ಟ್ ಕೆಳಗಿಳಿದಾಗ ಎರಡೂ ಕ್ರಾಸನ್ನು ಕೈಯಲ್ಲಿ ಹೊರಳಿಸಿ. ಎಲ್ಲಿಯೂ ಹಲ್ಲಿಗೆ ಸಿಕ್ಕಿದ ಹಾಗೆ ತಡೆಯಬಾರದು.

ಮೊನ್ನೆ ಶುಕ್ರವಾರ ನಿಮ್ಮ ಫೋನ್ ಬಂತು. ಮಸಿ ನುಣ್ಣಗಿತ್ತು. ಒಂದು ಕ್ರಾಸ್ ತಡೆಯುತ್ತಿತ್ತು, ಅದನ್ನೂ ಹಾಕಿಸಿದಿರಿ. ಮೌಂಟ್, ಸೀಲ್, ಕ್ರಾಸ್, ಕೂಲಿ ಎಲ್ಲ ಸೇರಿ 18 ಸಾವಿರದ ಕಾಲು ಭಾಗವೂ ಆಗಲಿಲ್ಲ. 60ರಲ್ಲಿ ಮಕ್ಕಳು ಹಿಂದಿನ ಸೀಟಿನಲ್ಲಿ ಮಾತಾಡುವುದು ಕೇಳಿಸುತ್ತಿದೆ ಅಂದಿರಿ. ನನಗೆ ಆಗಿರುವ ಸಂತೋಷ ಇಷ್ಟಿಷ್ಟಲ್ಲ. ಹಳೆ ಬೇರಿಂಗ್ ಎಸೆಯದೆ ಇಟ್ಟಿದ್ದರೆ ತೊಳೆದು, ಗ್ರೀಸ್ ಹಚ್ಚಿ ಎತ್ತಿಡಿ. ಅವು ಕೆಟ್ಟಿರಲಿಲ್ಲ.

ಪ್ರಶ್ನೆ: ನಮ್ಮದು ಖಾನಾಪುರ ತಾಲೂಕಿನ ಕಾಡಂಚಿನ ಮನೆ. ಹಳೆಯ ಫೋರ್ ವೀಲ್ ಜೀಪು ಇದೆ, ನಾನೇ ಓಡಿಸುತ್ತೇನೆ. ಮಳೆಗಾಲದಲ್ಲಿ ಹಳ್ಳ ದಾಟಲು 4 ವೀಲ್ ಹಾಕುತ್ತೇನೆ. ಡಾಂಬರು ರಸ್ತೆಗೆ ಬಂದು ತಿರುಗಿಸುವಾಗ ಮುಂದಿನ ಚಕ್ರದ ಹತ್ತಿರ ‘ಕಟ್ ಕಟ್’ ಅನ್ನುತ್ತದೆ, ಗಾಡಿ ಎಳೆದು ಹಿಡಿದ ಹಾಗಾಗುತ್ತದೆ. ಲಿವರ್ 2ಕ್ಕೆ ಬರುವುದೇ ಇಲ್ಲ. ಏನು ಹೋಗಿದೆ?
— ಖಾನಾಪುರದ ಓದುಗರು

ಉತ್ತರ: ಅಕ್ಕಾವರೇ, ಬಹುಶಃ ಏನೂ ಹೋಗಿಲ್ಲ. ನಿಮ್ಮ ಜೀಪಿನಲ್ಲಿ 4 ವೀಲ್ ಹಾಕಿದಾಗ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ಬಂಧಿಯಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕಬೇಕು, ಹಿಂದಿನವು ಚಿಕ್ಕ ಸುತ್ತು. ಕೆಸರಿನಲ್ಲಿ ಆ ವ್ಯತ್ಯಾಸವನ್ನು ಚಕ್ರ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗುವುದಿಲ್ಲ. ಹಗ್ಗ ಹುರಿಗೊಂಡ ಹಾಗೆ ಶಾಫ್ಟ್, ಹಲ್ಲು ಎಲ್ಲ ಬಿಗಿದುಕೊಳ್ಳುತ್ತವೆ. ಲಿವರ್ ಬರದೆ ಇರುವುದು ಅದಕ್ಕೇ. ಜಗ್ಗಾಡಬೇಡಿ. ಸ್ಟೀರಿಂಗ್ ನೆಟ್ಟಗೆ ಇಟ್ಟು ಹತ್ತು ಹದಿನೈದು ಅಡಿ ರಿವರ್ಸ್ ತಗೊಳ್ಳಿ, ಹುರಿ ಬಿಚ್ಚುತ್ತದೆ, ಲಿವರ್ ಬೆಣ್ಣೆಯ ಹಾಗೆ ಬರುತ್ತದೆ. ಮುಂದೆ ಹಳ್ಳ ದಾಟಿ ಡಾಂಬರು ಮುಟ್ಟುವ ಮೊದಲೇ 2ಕ್ಕೆ ತಂದುಬಿಡಿ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರ್ ಹಾಕಿದ್ದರೆ ನೇರ ರಸ್ತೆಯಲ್ಲೂ ಇದೇ ಬಿಗಿತ ಬರುತ್ತದೆ, ಅದನ್ನೂ ನೋಡಿ.

ಕೆಸರಿನಲ್ಲಿ ತಿರುಗಿಸಿದಾಗಲೂ ‘ಕಟ್ ಕಟ್’ ಬಂದರೆ ಮಾತ್ರ ಮುಂದಿನ ಚಕ್ರದ ಒಳಗಿನ ಜಾಯಿಂಟ್ ನೋಡಿಸಬೇಕು.

ನೀವು ಕೇಳದಿದ್ದರೂ ಒಂದು ವಿಷಯ ಹೇಳುತ್ತೇನೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಹಳ್ಳಗಳಿಗೇನು ಕಡಿಮೆ? ದೂರದಿಂದ ಓಡಿ ಬಂದ ಜೀಪಿನ ಹೌಸಿಂಗ್ ಬಿಸಿ ಇರುತ್ತದೆ. ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಏನಾದರೂ ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲೆ ಗಾಳಿಯಾಡಲು ಒಂದು ಚಿಕ್ಕ ಬ್ರೀದರ್ ಇದೆ. ಅದು ಕೆಸರು ಕಟ್ಟಿ ಮುಚ್ಚಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೌಸಿಂಗಿನ ಆಯಿಲ್ ಬೋಲ್ಟ್ ತೆಗೆಸಿ ಬಣ್ಣ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ. ಬಿಟ್ಟರೆ ಬೇರಿಂಗ್ ತುಕ್ಕು ಹಿಡಿದು ಮುಂದಿನ ವರ್ಷ ನಿಜವಾದ ಸದ್ದಿಗೆ ನೀವೇ ಪತ್ರ ಬರೆಯಬೇಕಾಗುತ್ತದೆ.

ಪ್ರಶ್ನೆ: ಮಳೆಯಾದ ಮೇಲೆ ಜೋಳದ ಹೊಲಕ್ಕೆ ಜೀಪು ಒಯ್ದಿದ್ದೆ. ಮರುದಿನದಿಂದ 60ರಲ್ಲಿ ಗಾಡಿ ಗಡಗಡ ನಡುಗುತ್ತದೆ. ಸರ್ವೀಸಿಂಗ್‌ನಲ್ಲಿ ತೊಳೆಸಿದೆ, ಹೊರಗೆ ಸ್ವಚ್ಛ ಇದೆ. ಶಾಫ್ಟ್ ಬಾಗಿರಬಹುದಾ?
— ವಿಜಯಪುರದ ಓದುಗರು

ಉತ್ತರ: ಹೊರಗೆ ಸ್ವಚ್ಛ ಇದೆ, ಒಳಗೆ ಕೈ ಹಾಕಿ ನೋಡಿದ್ದೀರಾ? ನಿಮ್ಮ ಕಡೆಯ ಎರೆ ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ, ಒಣಗಿ ಇಟ್ಟಂಗಿ ಆಗುತ್ತದೆ. ಅರ್ಧ ಕಿಲೋ ಮಣ್ಣು ಒಂದೇ ಕಡೆ ಕೂತರೂ ಚಕ್ರ ಕುಣಿಯುತ್ತದೆ. ನಾಲ್ಕೂ ಚಕ್ರ ಬಿಚ್ಚಿ ಕಟ್ಟಿಗೆಯ ತುಂಡಿನಿಂದ ಒಳಗೆ ಕೆರೆಯಿರಿ. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡ ಮಣ್ಣು, ಜೋಳದ ದಂಟು ಕೂಡ ತೆಗೆಯಿರಿ. ಆಮೇಲೂ ನಡುಗಿದರೆ ಶಾಫ್ಟ್ ಮಾತು. ತೊಳೆಸುವಾಗ ನೀರಿನ ಪೈಪನ್ನು ಕ್ರಾಸ್‌ಗಳಿಗೆ ನೇರ ಹಿಡಿದಿದ್ದರೆ ಒಳಗಿನ ಗ್ರೀಸ್ ಹೋಗಿ ನೀರು ನಿಂತಿರುತ್ತದೆ. ನಿಪ್ಪಲ್ ಇದ್ದರೆ ಇವತ್ತೇ ಗ್ರೀಸ್ ಗನ್ ಹಿಡಿಯಿರಿ, ನಾಲ್ಕೂ ಕಪ್‌ನಿಂದ ಹಳೆ ಗ್ರೀಸ್ ಹೊರಗೆ ಬರುವ ತನಕ ಹೊಡೆಯಿರಿ.